‘ಔಟ್‌ಸೈಡ್’ ಅಂದರೆ ಎಲ್ಲಿ?

(ಬಡಾವಣೆಯೊಂದರ ರಾಜ್ಯೋತ್ಸವ ಸಭೆಯಲ್ಲಿ ಸರ್ಕಾರಿ ಪ್ರೌಢಶಾಲೆಯ ಇಂಗ್ಲಿಷ್ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ವೇದಿಕೆಗೆ ಒಬ್ಬ ಇಂಗ್ಲಿಷ್ ಮೇಷ್ಟ್ರನ್ನು ಕರೆದಿದ್ದೀರಿ. ಕರೆದವರ ಧೈರ್ಯ ದೊಡ್ಡದು. ಸಭೆಯಲ್ಲಿ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗೂ ಕಾಣಿಸಿತು. ಇಂಗ್ಲಿಷಿನಿಂದ ಅನ್ನ ತಿನ್ನುವವನು ಕನ್ನಡದ ಬಗ್ಗೆ ಏನು ಹೇಳಿಯಾನು ಎಂಬ ಅನುಮಾನ ನಿಮಗಿದ್ದರೆ ಅದು ನ್ಯಾಯವಾದದ್ದೇ. ಅದಕ್ಕೇ ನಾನು ಈ ದಿನ ಕನ್ನಡದ ಹಿರಿಮೆ ಹಾಡುವುದಿಲ್ಲ. ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡುತ್ತೇನೆ. ಅದು ‘ಔಟ್‌ಸೈಡ್’.

ಈ ಪದ ಬಾರದವರು ಈ ಸಭೆಯಲ್ಲಿ ಯಾರೂ ಇಲ್ಲ. ಹೋಟೆಲಿನ ಗೋಡೆಯ ಮೇಲೆ ‘ಔಟ್‌ಸೈಡ್ ಫುಡ್ ನಾಟ್ ಅಲೋಡ್’. ವಸತಿ ಸಮುಚ್ಚಯದ ಗೇಟಿನಲ್ಲಿ ‘ವಿಸಿಟರ್ಸ್ ಪಾರ್ಕಿಂಗ್ ಔಟ್‌ಸೈಡ್’. ಫೋನು ಎತ್ತಿದರೆ ‘ಔಟ್‌ಸೈಡ್ ಇದೀನಿ, ಆಮೇಲೆ ಮಾಡ್ತೀನಿ’. ಮೂರನೆಯ ತರಗತಿಯ ಕೂಸು ‘ಅಮ್ಮ, ಔಟ್‌ಸೈಡ್ ಆಡ್ಲಾ?’ ಅನ್ನುತ್ತದೆ. ಇಷ್ಟೆಲ್ಲ ಬಳಸುತ್ತೇವಲ್ಲ, ಈ ಪದ ನಮಗೆ ನಿಜವಾಗಿ ಬರುತ್ತದೆಯೆ? ಇದು ನನ್ನ ಮೊದಲ ಪ್ರಶ್ನೆ. ಇದನ್ನು ಬಳಸಿ ಬಳಸಿ ನಾವು ಕಳೆದುಕೊಂಡದ್ದು ಏನು? ಇದು ಎರಡನೆಯದು.

ಮಳೆಯಲ್ಲಿ ನೆಂದ ಪೆಟ್ಟಿಗೆಗಳು

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕಥೆ ಹೇಳುತ್ತೇನೆ. ಹೆಸರು ಬೇಡ, ಅವನು ಕೆಲಸಕ್ಕಿದ್ದ ಜಾಗದ ಹೆಸರೂ ಬೇಡ. ಕನ್ನಡ ಮಾಧ್ಯಮದಲ್ಲಿ ಓದಿದ ಚುರುಕು ಹುಡುಗ. ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಒಂದು ದಿನ ಮೇಲಿನವರಿಂದ ಇಂಗ್ಲಿಷಿನಲ್ಲಿ ಚೀಟಿ ಬಂತು: ‘ಕೀಪ್ ದಿ ಬಾಕ್ಸಸ್, ಟೆನ್ ಡೇಸ್ ಅಟ್ ದಿ ಔಟ್‌ಸೈಡ್’. ಹುಡುಗ ಎರಡು ಸಲ ಓದಿದ. ಕೀಪ್ ಅಂದರೆ ಇಡು, ಬಾಕ್ಸಸ್ ಅಂದರೆ ಪೆಟ್ಟಿಗೆ, ಟೆನ್ ಡೇಸ್ ಅಂದರೆ ಹತ್ತು ದಿನ, ಔಟ್‌ಸೈಡ್ ಅಂದರೆ ಹೊರಗೆ. ಎಲ್ಲ ಪದವೂ ಗೊತ್ತು! ಇಬ್ಬರು ಹಮಾಲಿಗಳನ್ನು ಕರೆದು ಅಷ್ಟೂ ಪೆಟ್ಟಿಗೆಗಳನ್ನು ಅಂಗಳಕ್ಕೆ ಹೊರಿಸಿದ. ಮೂರನೆಯ ರಾತ್ರಿ ಮಳೆ ಬಂತು.

ಆ ಚೀಟಿಯ ಅರ್ಥ ‘ಪೆಟ್ಟಿಗೆಗಳನ್ನು ಇಟ್ಟುಕೊಂಡಿರು, ಹೆಚ್ಚೆಂದರೆ ಹತ್ತು ದಿನ’ ಎಂದು. ‘ಅಟ್ ದಿ ಔಟ್‌ಸೈಡ್’ ಎಂದರೆ ‘ಹೆಚ್ಚೆಂದರೆ’, ‘ಬಹಳವಾದರೆ’. ಅದಕ್ಕೂ ಅಂಗಳಕ್ಕೂ ಸಂಬಂಧವಿಲ್ಲ.

ಹುಡುಗನ ಸಂಬಳದಲ್ಲಿ ಹಣ ಹಿಡಿದರು. ಅದಕ್ಕಿಂತ ಹೆಚ್ಚಾಗಿ ಅವನಿಗೆ ಚುಚ್ಚಿದ್ದು ಒಂದು ಮಾತು: ‘ಕನ್ನಡ ಮೀಡಿಯಂನವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಇದೇ ಗತಿ.’ ಅವನು ನನ್ನ ಮನೆಗೆ ಬಂದು, ‘ಸಾರ್, ನೀವು ನಮಗೆ ಔಟ್‌ಸೈಡ್ ಅಂದರೆ ಹೊರಗೆ ಅಂತ ತಾನೆ ಹೇಳಿಕೊಟ್ಟದ್ದು?’ ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ. ತಪ್ಪು ಅವನದಲ್ಲ, ಕನ್ನಡ ಮಾಧ್ಯಮದ್ದೂ ಅಲ್ಲ. ಒಂದು ಪದಕ್ಕೆ ಒಂದೇ ಅರ್ಥವನ್ನು ಬಾಯಿಪಾಠ ಮಾಡಿಸಿದ ನನ್ನದು. ಆ ಹುಡುಗನಿಗೆ ‘ಹೆಚ್ಚೆಂದರೆ’ ಎಂಬ ಕನ್ನಡ ಮಾತು ಹಾಲು ಕುಡಿಯುವಾಗಲೇ ಗೊತ್ತಿತ್ತು. ಅದನ್ನೂ ಇದನ್ನೂ ಜೋಡಿಸಲು ನನಗೆ ಅರ್ಧ ನಿಮಿಷ ಸಾಕಾಗುತ್ತಿತ್ತು. ಆ ಅರ್ಧ ನಿಮಿಷವನ್ನು ನಾನು ಕೊಡಲಿಲ್ಲ.

ಒಂದು ಪದ, ನಾಲ್ಕು ಉದ್ಯೋಗ

ಹಾಗಾಗಿ ಆ ಅರ್ಧ ನಿಮಿಷವನ್ನು ಈಗ ಕೊಡುತ್ತೇನೆ, ಸ್ವಲ್ಪ ಬಡ್ಡಿ ಸೇರಿಸಿ.

‘ಔಟ್’ ಮತ್ತು ‘ಸೈಡ್’ ಎರಡೂ ಇಂಗ್ಲಿಷಿನ ಹಳೆಯ ಮನೆಮಾತುಗಳು. ಎರಡೂ ಕೂಡಿ ಒಂದು ಪದವಾದದ್ದು ಸುಮಾರು 1500ರ ಹೊತ್ತಿಗೆ. ಮೊದಲು ಅದು ಬರೀ ನಾಮಪದ: ಒಂದು ವಸ್ತುವಿನ ಹೊರಮೈ. ಡಬ್ಬಿಯ ಔಟ್‌ಸೈಡ್, ಮನೆಯ ಔಟ್‌ಸೈಡ್. ಆಮೇಲೆ ಅದು ವಿಶೇಷಣವಾಯಿತು: ‘ಔಟ್‌ಸೈಡ್ ವಾಲ್’ ಎಂದರೆ ಹೊರಗೋಡೆ. ಬಹಳ ಕಾಲ ಕಳೆದ ಮೇಲೆ ‘ಅವನು ಹೊರಗೆ ನಿಂತಿದ್ದಾನೆ’ ಎನ್ನುವಲ್ಲಿಯೂ, ‘ಊರಿನ ಹೊರಗೆ’ ಎನ್ನುವಲ್ಲಿಯೂ ಬಂದು ಕೂತಿತು. ಪದದ ರೂಪ ಒಂದೇ, ಉದ್ಯೋಗ ನಾಲ್ಕು. ಯಾವ ಜಾಗದಲ್ಲಿ ಕೂತಿದೆ ಎಂಬುದನ್ನು ನೋಡಿಯೇ ಅರ್ಥ ಹೇಳಬೇಕು.

ಇನ್ನು ನಮ್ಮವರು ಎಡವುವ ಜಾಗ. ‘ಔಟ್’ ಬೇರೆ, ‘ಔಟ್‌ಸೈಡ್’ ಬೇರೆ. ಕಚೇರಿಗೆ ಫೋನು ಬರುತ್ತದೆ, ಸಾಹೇಬರು ಊರಿಗೇ ಹೋಗಿದ್ದಾರೆ. ಗುಮಾಸ್ತ ‘ಸಾರ್ ಈಸ್ ಔಟ್‌ಸೈಡ್’ ಅನ್ನುತ್ತಾನೆ. ಆ ಕಡೆಯವನು ಸಾಹೇಬರು ಬಾಗಿಲ ಆಚೆ ನಿಂತಿದ್ದಾರೆ ಎಂದು ತಿಳಿದು ಫೋನು ಹಿಡಿದೇ ಕಾಯುತ್ತಾನೆ. ‘ಔಟ್’ ಅಂದಿದ್ದರೆ ‘ಇಲ್ಲಿಲ್ಲ’ ಎಂದಾಗುತ್ತಿತ್ತು. ಈ ವ್ಯತ್ಯಾಸ ನಮ್ಮಲ್ಲಿ ಇಲ್ಲವೆ? ‘ಹೊರಗೆ ಹೋಗಿದ್ದಾರೆ’ ಬೇರೆ, ‘ಹೊರಗೇ ಇದ್ದಾರೆ’ ಬೇರೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಹೇಳಿದ್ದರೆ ಗುಮಾಸ್ತ ತಪ್ಪುತ್ತಲೇ ಇರಲಿಲ್ಲ.

‘ಔಟ್‌ಸೈಡ್ ಚಾನ್ಸ್’ ಎಂದರೆ ಹೊರಗಿನ ಅವಕಾಶವಲ್ಲ, ಆಗುವ ಸಂಭವ ತೀರಾ ಕಡಮೆ ಎಂದು. ‘ಔಟ್‌ಸೈಡರ್’ ಎಂದರೆ ಹೊರಗಿನವನು. ಕುದುರೆ ಜೂಜಿನಲ್ಲಿ ಮಾತ್ರ ಯಾರೂ ಗೆಲ್ಲುತ್ತದೆಂದು ನಂಬದ ಕುದುರೆ. ಅಮೆರಿಕದವರು ‘ಔಟ್‌ಸೈಡ್ ಆಫ್’ ಎಂದು ಬಿಟ್ಟುಳಿಕೆಯ ಅರ್ಥದಲ್ಲಿಯೂ ಬಳಸುತ್ತಾರೆ: ‘ಇವನ ಹೊರತು ಯಾರಿಗೂ ಗೊತ್ತಿಲ್ಲ’ ಎನ್ನುವಾಗ ಆ ‘ಹೊರತು’. ಹಿಂದೆ ಇಂಗ್ಲೆಂಡಿನಲ್ಲಿ ಕುದುರೆ ಸಾರೋಟು ಓಡುತ್ತಿದ್ದಾಗ ಒಳಗೆ ಕೂತವನು ‘ಇನ್‌ಸೈಡ್’ ಪ್ರಯಾಣಿಕ, ಕಡಮೆ ಬಾಡಿಗೆ ಕೊಟ್ಟು ಛಾವಣಿಯ ಮೇಲೆ ಚಳಿಯಲ್ಲಿ ಕೂತವನು ‘ಔಟ್‌ಸೈಡ್’ ಪ್ರಯಾಣಿಕ. ನಮ್ಮ ಹಳ್ಳಿ ಬಸ್ಸಿನ ಟಾಪಿನ ಮೇಲೆ ಕೂತು ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ!

ಕ್ರಿಕೆಟ್ಟನ್ನೇ ತೆಗೆದುಕೊಳ್ಳಿ. ‘ಔಟ್‌ಸೈಡ್ ಎಡ್ಜ್’ ಅಂದರೆ ಬ್ಯಾಟಿನ ಹೊರ ಅಂಚು. ‘ಔಟ್‌ಸೈಡ್ ದಿ ಲೆಗ್ ಸ್ಟಂಪ್’ ಅಂದರೆ ಲೆಗ್ ಸ್ಟಂಪಿನಿಂದ ಆಚೆ. ಅಲ್ಲಿ ಪುಟಿದ ಚೆಂಡಿಗೆ ಎಲ್‌ಬಿಡಬ್ಲ್ಯು ಇಲ್ಲ ಎಂಬ ನಿಯಮ ನಮ್ಮ ಗಲ್ಲಿಯ ಹುಡುಗರಿಗೂ ಗೊತ್ತು. ಟಿವಿಯವರ ‘ಓಬಿ ವ್ಯಾನ್’ ಬೀದಿಗೆ ಬಂತೆಂದರೆ ಜನ ಸೇರುತ್ತಾರೆ. ಆ ‘ಓ’ ಅಕ್ಷರವೂ ಇದೇ ಔಟ್‌ಸೈಡಿನ ‘ಓ’: ಸ್ಟುಡಿಯೋ ಬಿಟ್ಟು ಹೊರಗಿನಿಂದ ಮಾಡುವ ಪ್ರಸಾರ.

ನೋಡಿ, ಇಷ್ಟು ಅರ್ಥಗಳನ್ನು ನಿಮಗೆ ತಿಳಿಸಲು ನಾನು ಒಂದು ವಾಕ್ಯವನ್ನಾದರೂ ಇಂಗ್ಲಿಷಿನಲ್ಲಿ ವಿವರಿಸಿದೆನೆ? ಇಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದಕ್ಕೂ ಕನ್ನಡವೇ ಬೇಕು. ನನ್ನ ವೃತ್ತಿಯ ಅನುಭವ ಹೇಳುವ ಸತ್ಯ ಇದು.

ನಮ್ಮ ‘ಹೊರ’ದ ಸಂಪತ್ತು

ಈಗ ನಮ್ಮ ಮನೆಯ ಪೆಟ್ಟಿಗೆ ತೆರೆಯೋಣ. ‘ಹೊರ’ ಎಂಬುದು ನಮ್ಮದೇ ದ್ರಾವಿಡ ಮೂಲದ ಮಾತು. ಹಳಗನ್ನಡದಲ್ಲಿ ಅದು ‘ಪೊಱ’. ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ ಪೊಱ ‘ಹೊರ’ವಾಯಿತು. ತಮಿಳಿನಲ್ಲಿ ಅದರ ಸೋದರ ‘ಪುಱಂ’. ಹಳೆಯ ತಮಿಳು ಕಾವ್ಯವನ್ನು ಅಗಂ, ಪುಱಂ ಎಂದು, ಅಂದರೆ ಒಳಗಿನದು ಹೊರಗಿನದು ಎಂದು, ಎರಡು ಪಾಲು ಮಾಡಿದ್ದಾರೆ. ಅಷ್ಟು ಹಳೆಯ ಸಂಬಂಧ ಇದು.

ನಾವು ದಿನವೂ ‘ಹೊರಡು’ ಅನ್ನುತ್ತೇವೆ. ಹಳಗನ್ನಡದ ‘ಪೊಱಮಡು’ ಸವೆದು ಆದ ಮಾತು ಅದು. ಹೊರಡುವುದೆಂದರೆ ಹೊರಕ್ಕೆ ಕಾಲಿಡುವುದು. ‘ಹೊರತು’ ಎನ್ನುವಾಗಲೂ ಇದೇ ‘ಹೊರ’. ಹೊರಮೈ, ಹೊರನೋಟ, ಹೊರನಾಡು, ಹೊರವಲಯ, ಹೊರಗೆಡಹು. ಒಂದು ಬೇರಿನಿಂದ ಎಷ್ಟು ಚಿಗುರು! ಇದು ಹಳೆಯ ಮಾತಷ್ಟೇ ಅಲ್ಲ, ಹೊಸ ಕಾಲಕ್ಕೂ ದುಡಿಯುತ್ತದೆ. ಆಸ್ಪತ್ರೆಯ ಹೊರರೋಗಿ ವಿಭಾಗ, ಕಚೇರಿಯ ಹೊರಗುತ್ತಿಗೆ ನೌಕರ, ಬೆಂಗಳೂರಿನ ಹೊರ ವರ್ತುಲ ರಸ್ತೆ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯ ಒಳಹರಿವು, ಹೊರಹರಿವು ಎಷ್ಟೆಂದು ಪತ್ರಿಕೆಯಲ್ಲಿ ಬರುತ್ತದೆ. ಮಂಡ್ಯದ ರೈತ ಅದನ್ನು ಓದಿ ನಾಟಿಯ ಲೆಕ್ಕ ಹಾಕುತ್ತಾನೆ. ಯಾವ ನಿಘಂಟನ್ನೂ ತೆರೆಯುವುದಿಲ್ಲ.

ಸಂಸ್ಕೃತದಿಂದ ಪಡೆದದ್ದೂ ಇದೆ. ಬಹಿರಂಗ ಸಭೆ, ಬಾಹ್ಯಾಕಾಶ, ಬಹಿಷ್ಕಾರ. ಎಲ್ಲಕ್ಕೂ ‘ಹೊರಗೆ’ ಎಂಬ ಅರ್ಥವೇ ತಳಹದಿ. ಮೈಸೂರು ಸೀಮೆಯವರು ‘ಆಚೆ ಹೋಗು’ ಅನ್ನುತ್ತಾರೆ, ಧಾರವಾಡದವರು ‘ಹೊರಗ ಹೋಗು’ ಅನ್ನುತ್ತಾರೆ, ಹವ್ಯಕರ ಮನೆಯಲ್ಲಿ ‘ಹೆರ’ ಅನ್ನುತ್ತಾರೆ. ಪಕ್ಕದ ತುಳುವಿನಲ್ಲಿ ಅದೇ ‘ಪಿದಾಯಿ’.

ಇಂಥ ಮನೆಯೊಳಗೆ ‘ಔಟ್‌ಸೈಡ್’ ಬಂದಾಗ ಏನಾಗುತ್ತದೆ? ‘ಮಗು ಔಟ್‌ಸೈಡ್ ಆಡ್ತಿದೆ’ ಅನ್ನುತ್ತಾರೆ. ಔಟ್‌ಸೈಡ್ ಅಂದರೆ ಎಲ್ಲಿ ತಾಯಿ? ಜಗಲಿಯ ಮೇಲೋ, ಅಂಗಳದಲ್ಲೋ, ಹಿತ್ತಿಲಲ್ಲೋ, ಬೀದಿಯಲ್ಲೋ, ಬಯಲಲ್ಲೋ? ಜಗಲಿಯ ಮೇಲೆ ಆಡುವ ಮಗುವಿನ ಬಗ್ಗೆ ತಾಯಿ ನಿಶ್ಚಿಂತೆಯಿಂದ ಒಲೆಯ ಮುಂದೆ ಕೂರಬಹುದು. ಹಿತ್ತಿಲಲ್ಲಿದ್ದರೆ ಬಾವಿ ಮುಚ್ಚಿದೆಯೆ ನೋಡಬೇಕು. ಬೀದಿಯಲ್ಲಿದ್ದರೆ ಎದ್ದು ಓಡಬೇಕು. ಈ ಐದು ಮಾತುಗಳಲ್ಲಿ ಐದು ಬಗೆಯ ಕಾಳಜಿ ಇತ್ತು. ಒಂದು ಔಟ್‌ಸೈಡ್ ಬಂದು ಐದನ್ನೂ ಗುಡಿಸಿಹಾಕಿತು.

ಎರವಲು ಬೇರೆ, ಒಕ್ಕಲೆಬ್ಬಿಸುವುದು ಬೇರೆ

ನಾನು ಇಂಗ್ಲಿಷ್ ಪದವೇ ಬೇಡ ಎನ್ನುವ ಮಡಿವಂತನಲ್ಲ. ಬಸ್ಸು ಬಂತು, ಜೊತೆಗೆ ಬಸ್ಸೆಂಬ ಮಾತು ಬಂತು. ಟಿಕೆಟ್ಟು ಬಂತು, ಕಂಡಕ್ಟರು ಬಂದರು. ನಾವು ಅವಕ್ಕೆ ಕನ್ನಡದ ಬಾಲ ಜೋಡಿಸಿ ಬಸ್ಸಿನಲ್ಲಿ, ಟಿಕೆಟ್ಟಿಗೆ ಎಂದು ನಮ್ಮವನ್ನಾಗಿ ಮಾಡಿಕೊಂಡೆವು. ಅವು ಬರುವಾಗ ಒಂದು ಹೊಸ ವಸ್ತುವನ್ನು ಕೈಯಲ್ಲಿ ಹಿಡಿದು ಬಂದವು.

‘ಔಟ್‌ಸೈಡ್’ ಏನು ಹಿಡಿದು ಬಂತು? ಬ್ರಿಟಿಷರು ಬರುವ ಮೊದಲು ನಮಗೆ ‘ಹೊರಗೆ’ ಇರಲಿಲ್ಲವೆ? ಮನೆಗೆ ಇಲ್ಲದ ವಸ್ತುವನ್ನು ಪಕ್ಕದ ಮನೆಯಿಂದ ತರುವುದು ಎರವಲು. ಮನೆಯಲ್ಲಿರುವ ಮಗನನ್ನು ಎಬ್ಬಿಸಿ ಅವನ ಜಾಗದಲ್ಲಿ ನೆಂಟನನ್ನು ಕೂರಿಸುವುದು ಒಕ್ಕಲೆಬ್ಬಿಸುವುದು. ನೆಂಟನ ಗುಣವೂ ನಮಗೆ ಪೂರ್ತಿ ಗೊತ್ತಿಲ್ಲ. ಅವನ ನಾಲ್ಕು ಉದ್ಯೋಗದಲ್ಲಿ ಒಂದನ್ನು ಮಾತ್ರ ಬಲ್ಲೆವು. ಇಂಗ್ಲಿಷಿನ ಔಟ್‌ಸೈಡ್ ನಮಗೆ ಪೂರ್ತಿ ಸಿಗಲಿಲ್ಲ, ಕನ್ನಡದ ‘ಹೊರಗೆ’ ಕೈಬಿಟ್ಟು ಹೋಗುತ್ತಿದೆ. ನಮ್ಮ ಮಕ್ಕಳು ಎರಡು ಮನೆಗೂ ಸಲ್ಲದೆ ಎರಡರ ಹೊರಗೆ ನಿಲ್ಲುವಂತಾಗಿದೆ. ಪೆಟ್ಟಿಗೆಗಳು ಮಳೆಯಲ್ಲಿ ನೆಂದದ್ದು ಇದಕ್ಕೇ.

ಕೆಲವು ಶಾಲೆಗಳಲ್ಲಿ ತರಗತಿಯಲ್ಲಿ ಕನ್ನಡ ಮಾತಾಡಿದ ಮಗುವಿಗೆ ‘ಗೋ ಔಟ್‌ಸೈಡ್’ ಎಂದು ಬಾಗಿಲ ಆಚೆ ನಿಲ್ಲಿಸುತ್ತಾರೆ ಎಂದು ಹೆತ್ತವರೇ ನನ್ನ ಮುಂದೆ ಹೇಳಿ ಕಣ್ಣೀರು ಹಾಕಿದ್ದಾರೆ. ಆ ಮಗು ಔಟ್‌ಸೈಡ್ ಎಂಬ ಪದದ ಅರ್ಥವನ್ನು ಅಲ್ಲಿ ಚೆನ್ನಾಗಿಯೇ ಕಲಿಯುತ್ತದೆ. ತನ್ನ ತಾಯಿನುಡಿ ಇರಬೇಕಾದ ಜಾಗ ಯಾವುದು ಎಂಬ ಪಾಠವನ್ನೂ ಕಲಿಯುತ್ತದೆ. ಕರ್ನಾಟಕದ ನೆಲದಲ್ಲಿ, ಕನ್ನಡಿಗನ ಶುಲ್ಕದಲ್ಲಿ, ಕನ್ನಡದ ಮಗು ಹೊರಗೆ! 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ತೀರ್ಪಿತ್ತಿತು. ತೀರ್ಪನ್ನು ಒಪ್ಪಿಕೊಂಡೇ ಕೇಳುತ್ತೇನೆ: ಮಾಧ್ಯಮ ಆರಿಸಿಕೊಳ್ಳುವ ಹಕ್ಕು ಬೇರೆ, ಮಗುವಿನ ನಾಲಗೆಯನ್ನು ಅವಮಾನಿಸುವ ಹಕ್ಕು ಬೇರೆಯಲ್ಲವೆ? ಎರಡನೆಯದನ್ನು ಯಾವ ನ್ಯಾಯಾಲಯವೂ ಯಾರಿಗೂ ಕೊಟ್ಟಿಲ್ಲ.

ಹೊರಗಿನವರು ಯಾರು?

ಬಂಧುಗಳೆ, ಒಂದು ಕಹಿ ಮಾತನ್ನೂ ಹೇಳಬೇಕು. ‘ಹೊರಗೆ’ ಎಂಬ ನಮ್ಮ ಮಾತಿನಲ್ಲಿ ಬರೀ ಸಂಪತ್ತಿಲ್ಲ, ಪಾಪವೂ ಇದೆ. ದಲಿತರ ಕೇರಿಯನ್ನು ಊರ ಹೊರಗೆ ಇಟ್ಟವರು ಇಂಗ್ಲಿಷರಲ್ಲ. ತಿಂಗಳಿಗೆ ಮೂರು ದಿನ ಹೆಣ್ಣನ್ನು ‘ಹೊರಗಾಗಿದ್ದಾಳೆ’ ಎಂದು ಮೂಲೆಗೆ ಕೂರಿಸಿದ್ದು ನಮ್ಮದೇ ನುಡಿ. ಉಡುಪಿಯಲ್ಲಿ ಕನಕದಾಸರು ಗುಡಿಯ ಹೊರಗೆ ನಿಲ್ಲಬೇಕಾಯಿತೆಂಬ ಪ್ರತೀತಿ ಎಲ್ಲರಿಗೂ ಗೊತ್ತು. ಕನಕನ ಕಿಂಡಿಯ ಮುಂದೆ ಕೈಮುಗಿಯುವಾಗ ಹೊರಗೆ ನಿಲ್ಲಿಸಿದವರು ಯಾರು ಎಂಬುದನ್ನೂ ನೆನೆಯಬೇಕು. ಪರಭಾಷೆ ನಮ್ಮನ್ನು ಹೊರಗಿಟ್ಟಿತೆಂದು ಗೋಳಾಡುವವರು ನಾವು ಯಾರನ್ನು ಹೊರಗಿಟ್ಟೆವೆಂದು ಮೊದಲು ಕೇಳಿಕೊಳ್ಳೋಣ.

ನಮ್ಮ ಚಳವಳಿಯ ಬಾಯಲ್ಲಿ ‘ಹೊರಗಿನವರು’ ಎಂಬ ಮಾತು ಬಹಳ ಓಡಾಡುತ್ತದೆ. ನಾಡಿನ ಉದ್ಯೋಗದಲ್ಲಿ ಕನ್ನಡಿಗನಿಗೆ ಮೊದಲ ಹಕ್ಕು ಬೇಕು. ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲೇ ಹೇಳಿದ ಆ ಮಾತನ್ನು ನಾನೂ ಸಾರಿ ಹೇಳುತ್ತೇನೆ. ಆದರೆ ಹೊರಗಿನವನು ಯಾರು? ಕಿಟ್ಟೆಲ್ ಜರ್ಮನಿಯಿಂದ ಬಂದವರು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟು ನಮ್ಮ ಪದಗಳನ್ನು ನಮಗೇ ತೋರಿಸಿದರು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಗಿರೀಶ ಕಾರ್ನಾಡರದು ಕೊಂಕಣಿ. ಮೂವರೂ ಕನ್ನಡಕ್ಕೆ ಜ್ಞಾನಪೀಠ ತಂದರು. ಇವರನ್ನು ಹೊರಗಿನವರೆಂದು ಯಾವ ನಾಲಗೆ ಹೇಳೀತು? ಬೇರೆ ರಾಜ್ಯದಿಂದ ಬಂದು ಆರು ತಿಂಗಳಲ್ಲಿ ಕನ್ನಡ ಕಲಿತ ಗಾರೆ ಕೆಲಸದವನು ನಮ್ಮವನು. ಹತ್ತು ತಲೆಮಾರಿನಿಂದ ಇಲ್ಲೇ ಹುಟ್ಟಿ, ‘ನನ್ನ ಮಗನಿಗೆ ಕನ್ನಡ ಬರೋದಿಲ್ಲ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವನೇ ಹೊರಗಿನವನು. ಗಡಿ ರೇಷನ್ ಕಾರ್ಡಿನಲ್ಲಿಲ್ಲ, ಮನಸ್ಸಿನಲ್ಲಿದೆ.

ಫಲಕ ಹೊರಗೆ, ಕನ್ನಡ ಎಲ್ಲಿಗೆ?

ಮೊದಲು ಹೇಳಿದೆನಲ್ಲ, ಔಟ್‌ಸೈಡಿನ ಹುಟ್ಟು ಅರ್ಥ ‘ಹೊರಮೈ’ ಎಂದು. ಅಲ್ಲಿಗೇ ಬಂದು ಮುಗಿಸುತ್ತೇನೆ.

1982ರ ಗೋಕಾಕ್ ಚಳವಳಿಯಿಂದ ಇತ್ತ ನಮ್ಮ ಬಹಳಷ್ಟು ಹೋರಾಟ ನಡೆದದ್ದು ಅಂಗಡಿಗಳ ಹೊರಮೈಯ ಮೇಲೆ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕಕ್ಕಾಗಿ ಕಾರ್ಯಕರ್ತರು ಜೈಲಿಗೂ ಹೋದರು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ 2024ರಲ್ಲಿ ತಿದ್ದುಪಡಿಯಾಗಿ, ಫಲಕದಲ್ಲಿ ಶೇ. 60 ಭಾಗ ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂದು ಬರೆಯಲಾಯಿತು. ಇದು ಸಣ್ಣ ಗೆಲುವಲ್ಲ. ಅದಕ್ಕಾಗಿ ಲಾಠಿ ಏಟು ತಿಂದವರಿಗೆ ನನ್ನ ನಮಸ್ಕಾರ.

ಆದರೆ ಆ ಫಲಕದ ಕೆಳಗೆ ಬಾಗಿಲು ದಾಟಿ ಒಳಗೆ ಹೋಗಿ ನೋಡಿ. ಬಿಲ್ಲು ಇಂಗ್ಲಿಷಿನಲ್ಲಿ, ದರಪಟ್ಟಿ ಇಂಗ್ಲಿಷಿನಲ್ಲಿ, ಸಾಲದ ಕರಾರು ಪತ್ರ ಇಂಗ್ಲಿಷಿನಲ್ಲಿ, ಔಷಧಿಯನ್ನು ಎಷ್ಟು ಹೊತ್ತಿಗೆ ನುಂಗಬೇಕೆಂಬ ಚೀಟಿ ಇಂಗ್ಲಿಷಿನಲ್ಲಿ, ಗೋದಾಮಿನ ಹುಡುಗನಿಗೆ ಬರುವ ಅಪ್ಪಣೆ ಇಂಗ್ಲಿಷಿನಲ್ಲಿ. ಹೊರಗೆ ಥಳಕು, ಒಳಗೆ ಹುಳುಕು ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಹೊರಮೈಗೆ ಕನ್ನಡದ ಬಣ್ಣ ಬಳಿದು ಒಳಗೆ ಕನ್ನಡಿಗನನ್ನು ಮೂಕನನ್ನಾಗಿ ಮಾಡಿದರೆ ಆ ಫಲಕ ನಮಗೆ ಮಾಡಿದ ಮೋಸ.

ಹಾಗಾಗಿ ನನ್ನ ಬೇಡಿಕೆ ನಾಲ್ಕೇ. ಒಂದು, ಕೆಲಸಗಾರನ ಕೈಗೆ ಬರುವ ಅಪ್ಪಣೆ, ಎಚ್ಚರಿಕೆ, ಕರಾರು ಕನ್ನಡದಲ್ಲಿರಲಿ. ಫಲಕಕ್ಕೆ ಹೋರಾಡಿದ ಹಾಗೆ ಚೀಟಿಗೂ ಹೋರಾಡೋಣ. ಎರಡು, ಪ್ರತಿ ಸರ್ಕಾರಿ ಶಾಲೆಯ ಮೇಜಿನ ಮೇಲೆ ಒಂದು ಒಳ್ಳೆಯ ಇಂಗ್ಲಿಷ್-ಕನ್ನಡ ನಿಘಂಟು ಇರಲಿ, ಬೀರುವಿನಲ್ಲಿ ಬೀಗ ಹಾಕಿ ಇಡುವುದು ಬೇಡ. ಮೂರು, ನನ್ನಂಥ ಇಂಗ್ಲಿಷ್ ಮೇಷ್ಟ್ರುಗಳು ಕನ್ನಡದ ಮೂಲಕ ಇಂಗ್ಲಿಷ್ ಕಲಿಸಲು ನಾಚಬಾರದು. ನಾಲ್ಕನೆಯದು ಸರ್ಕಾರಕ್ಕಲ್ಲ, ನಿಮಗೆ. ಈ ರಾತ್ರಿ ಮನೆಗೆ ಹೋದ ಮೇಲೆ ಮಗು ‘ಔಟ್‌ಸೈಡ್ ಹೋಗ್ಲಾ?’ ಎಂದರೆ ಬೈಯಬೇಡಿ. ‘ಎಲ್ಲಿಗಪ್ಪ, ಅಂಗಳಕ್ಕಾ, ಬೀದಿಗಾ?’ ಎಂದು ಕೇಳಿ. ಮಗು ತಾನಾಗಿ ಕನ್ನಡಕ್ಕೆ ಬರುತ್ತದೆ.

ಆ ಗೋದಾಮಿನ ಹುಡುಗ ಈಗ ಬೇರೆ ಕಡೆ ಕೆಲಸದಲ್ಲಿದ್ದಾನೆ. ಮೊನ್ನೆ ಸಿಕ್ಕಿದ್ದ. ಜೇಬಿನಲ್ಲಿ ಒಂದು ಪುಟ್ಟ ನೋಟುಬುಕ್ಕು. ತಿಳಿಯದ ಇಂಗ್ಲಿಷ್ ಮಾತು ಕಂಡರೆ ಬರೆದುಕೊಂಡು, ಪಕ್ಕದಲ್ಲಿ ಕನ್ನಡದ ಅರ್ಥ ಬರೆಯುತ್ತಾನಂತೆ. ಮೊದಲ ಪುಟದ ಮೊದಲ ಸಾಲಿನಲ್ಲಿ ‘ಅಟ್ ದಿ ಔಟ್‌ಸೈಡ್: ಹೆಚ್ಚೆಂದರೆ’ ಎಂದಿತ್ತು. ಅದನ್ನು ನೋಡಿ ನಾನು ತಲೆ ತಗ್ಗಿಸಿದೆ, ಆಮೇಲೆ ತಲೆ ಎತ್ತಿದೆ. ಮೇಷ್ಟ್ರು ಮಾಡಬೇಕಾದ ಕೆಲಸವನ್ನು ಶಿಷ್ಯ ಮಾಡಿಕೊಂಡಿದ್ದಾನೆ, ಅದೂ ಕನ್ನಡದಲ್ಲಿ. ಇಂಥ ಮಕ್ಕಳು ಬಾಗಿಲ ಆಚೆ ನಿಲ್ಲುವಂತಾಗಬಾರದು. ಅವರನ್ನು ಒಳಗೆ ಕರೆಯುವ ಕೆಲಸಕ್ಕೆ ಇಲ್ಲಿಂದಲೇ ಹೊರಡೋಣ.



ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!